ಮಾತು ಮುಗಿಯುವ ಮೊದಲೇ ಹೊಡೆದ ಗಂಟೆ

ನಾನು ಗಣಿತ ಓದಿದವನಲ್ಲ. ಗಣಿತದವರು ಮಾತನಾಡುವ ಕೋಣೆಯ ಬಾಗಿಲ ಬಳಿ ನಿಂತು ನೌಕರಿ ಮುಗಿಸಿದವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಕೆಲವು ವರ್ಷ ಶೇಂಗಾ ಚೀಲ ಹೊತ್ತೆ. ಆಮೇಲೆ ಊರಾಚೆಯ ಸ್ನಾತಕೋತ್ತರ ಕೇಂದ್ರದ ಗಣಿತ ವಿಭಾಗಕ್ಕೆ ಅಟೆಂಡರಾಗಿ ಸೇರಿದೆ. ಅಲ್ಲೇ ತಲೆ ನೆರೆಯಿತು.

ಈಗ ನನ್ನ ಜಾಗಕ್ಕೆ ಗುತ್ತಿಗೆಯ ಮೇಲೆ ಶಾಂತಮ್ಮ ಎಂಬ ಹೆಣ್ಣುಮಗಳು ಬಂದಿದ್ದಾಳೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, “ತಿಪ್ಪೇಸ್ವಾಮಣ್ಣ, ಅಲ್ಲಿ ಕೆಲ್ಸ ಏನೈತೆ ಅಂತ ಯಾರೂ ಸರಿಯಾಗಿ ಹೇಳಾದಿಲ್ಲ. ಟೀ ಕೊಡು, ಬೋರ್ಡು ಒರಸು ಅಂತಾರೆ. ಅಷ್ಟೇನಾ?” ಎಂದು ಕೇಳಿದಳು.

“ಅಷ್ಟೇ ಕಣಮ್ಮ” ಎಂದೆ.

ನಾಯಕನಹಟ್ಟಿ ಬಸ್ಸು ಹತ್ತಿ ಕೂತ ಮೇಲೆ ನಾಚಿಕೆಯಾಯಿತು. ಅಷ್ಟೇ ಆಗಿದ್ದರೆ ನಾನು ಮೊಳಕಾಲ್ಮೂರಿಗೆ ಹೋಗಿ ಒಬ್ಬ ಹೆಣ್ಣುಮಗಳ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಂತಮ್ಮನಿಗೂ, ಅವಳ ಹಾಗೆ ಇಂಥ ಬಾಗಿಲಲ್ಲಿ ನಿಲ್ಲಲು ಬರುವವರಿಗೂ.

ಸೆಮಿನಾರು ಎಂದರೆ ನಮ್ಮಲ್ಲಿ ಶನಿವಾರ ಮಧ್ಯಾಹ್ನ. ಮೇಷ್ಟ್ರುಗಳು, ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಒಂದು ಉದ್ದನೆಯ ಕೋಣೆಯಲ್ಲಿ ಕೂರುತ್ತಾರೆ. ಒಬ್ಬರು ಬೋರ್ಡಿನ ಮುಂದೆ ನಿಂತು ತಾವು ಕಂಡುಕೊಂಡದ್ದನ್ನು ಹೇಳುತ್ತಾರೆ. ಉಳಿದವರು ಅದರಲ್ಲಿ ತೂತು ಹುಡುಕುತ್ತಾರೆ. ವಿಭಾಗದ ಹೆಚ್ಚಿನವರದು ಗ್ರಾಫ್ ಥಿಯರಿ. ಮೊದಲ ದಿನ ಬೋರ್ಡು ಒರೆಸಲು ಹೋದಾಗ, ಯಾರೋ ರಂಗೋಲಿ ಬಿಡಲು ಕಲಿಯುತ್ತಿದ್ದಾರೆ ಎಂದುಕೊಂಡೆ. ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು. ಅಷ್ಟನ್ನೇ ಇಟ್ಟುಕೊಂಡು ಇವರು ಟೀ ಆರುವವರೆಗೆ ಜಗಳವಾಡುತ್ತಿದ್ದರು.

ಸೇರಿದ ಹೊಸದರಲ್ಲೇ ಒಂದು ಎಡವಟ್ಟು ಮಾಡಿದೆ. ಚಳ್ಳಕೆರೆಯಲ್ಲಿ ಹುರಿದ ಶೇಂಗಾ ಇಲ್ಲದೆ ಟೀ ಕೊಟ್ಟರೆ ಅದು ಮರ್ಯಾದೆಯಲ್ಲ. ಒಂದು ದಿನ ಶಿವಶಂಕರ ಮೇಷ್ಟ್ರು ಎಂಬ ಅಧ್ಯಾಪಕರು ಮೇಜಿನ ಮೇಲೆ ಶೇಂಗಾ ಬೀಜಗಳನ್ನು ಅಲ್ಲೊಂದು ಇಲ್ಲೊಂದು ಇಟ್ಟು, ನಡುವೆ ಬೆಂಕಿಕಡ್ಡಿ ಜೋಡಿಸಿ, ಕೈ ತೊಳೆಯಲು ಎದ್ದು ಹೋಗಿದ್ದರು. ನಾನು ಬಂದವನು ಎಲ್ಲವನ್ನೂ ಬಳಿದು ತಟ್ಟೆಗೆ ಹಾಕಿದೆ. ಮೇಷ್ಟ್ರು ವಾಪಸು ಬಂದು ಬೋಳು ಮೇಜು ನೋಡುತ್ತಾ ನಿಂತರು.

“ತಿಪ್ಪೇಸ್ವಾಮಿ, ಇಲ್ಲಿದ್ದ ಶೇಂಗಾ?”

“ಚೆಲ್ಲಿದ್ವು ಸರ್, ತಟ್ಟೆಗೆ ಹಾಕ್ದೆ. ಒಂದೆರಡು ಬಾಯಿಗೂ ಹಾಕ್ಕಂಡೆ.”

“ನೀನು ತಿಂದಿದ್ದು ಶೇಂಗಾ ಅಲ್ಲ ಕಣಯ್ಯ, ನನ್ನ ಪ್ರಮೇಯ” ಎಂದು ನಕ್ಕರು. ಬೇರೆ ಯಾರಾದರೂ ಆಗಿದ್ದರೆ ಮೆಮೊ ಕೊಡುತ್ತಿದ್ದರು. ಅವತ್ತಿನಿಂದ ನಾನು ಕೇಳದೆ ಯಾರ ಮೇಜನ್ನೂ ಮುಟ್ಟಲಿಲ್ಲ. ಬೋರ್ಡಿನ ಮೂಲೆಯಲ್ಲಿ ಯಾರಾದರೂ ಒರೆಸಬಾರದೆಂದು ಚೌಕ ಹಾಕಿಟ್ಟಿದ್ದರೆ ಅದು ಧೂಳು ಹಿಡಿದು ಮಸುಕಾಗುವವರೆಗೂ ಬಿಟ್ಟಿರುತ್ತಿದ್ದೆ.

ಆಮೇಲೆ ಹೊಸ ಮುಖ್ಯಸ್ಥರು ಬಂದರು. ಶಿಸ್ತಿನ ಮನುಷ್ಯ. ಅವರಿಗಿಂತ ಮೊದಲು ಸೆಮಿನಾರು ಯಾವಾಗ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೊರಗಿನಿಂದ ಬಂದವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. “ಇನ್ನು ಮೇಲೆ ಪ್ರತಿಯೊಬ್ಬರಿಗೂ ಒಂದು ಗಂಟೆ ಕಾಲ. ಕೊನೆಗೆ ಗಂಟೆ ಹೊಡೆಯಬೇಕು. ಹೊಡೆದ ಮೇಲೆ ಬ್ರಹ್ಮ ಬಂದರೂ ಮಾತಿಲ್ಲ” ಎಂದರು. ಆಫೀಸಿನಿಂದ ಗಂಟೆ ತರಿಸಲು ಕೊಟೇಶನ್ನು, ಮಂಜೂರಾತಿ ಎಂದು ಕಾಲ ಹೋಗುತ್ತಿತ್ತು. ನಾನೇ ಮುಂದೆ ಬಿದ್ದು, ನಮ್ಮ ಹಟ್ಟಿಯಿಂದ ಒಂದು ಕಂಚಿನ ಗಂಟೆ ತಂದುಕೊಟ್ಟೆ. ನಮ್ಮದು ಕುರಿ ಕಾಯುವ ಮನೆ. ಮಂದೆಯ ಮುಂದೆ ನಡೆಯುವ ಟಗರಿನ ಕೊರಳಿಗೆ ಅಪ್ಪ ಕಟ್ಟುತ್ತಿದ್ದ ಗಂಟೆ ಅದು. ಮುಖ್ಯಸ್ಥರು ಅದನ್ನು ಅಲ್ಲಾಡಿಸಿ ನೋಡಿ, “ಭೇಷ್! ಕುರಿಗೂ ಸೈ, ಪ್ರೊಫೆಸರಿಗೂ ಸೈ” ಎಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ.

ಗಂಟೆಯ ಜೊತೆಗೆ ಒಂದು ಪದ್ಧತಿಯೂ ಬಂತು. ನಮ್ಮ ವಿಭಾಗ ಬಿಟ್ಟು ಬೇರೆಲ್ಲೂ ಅದು ಇರಲಾರದು. ಸ್ವಾಗತ, ಪರಿಚಯ, ಹಾರ ತುರಾಯಿಯಲ್ಲಿ ಎಷ್ಟು ಹೊತ್ತು ಹೋಗುತ್ತದೋ ಹೇಳಲಾಗದು. ಆದ್ದರಿಂದ ಮಾತುಗಾರರ ಸೀಮೆಸುಣ್ಣ ಬೋರ್ಡಿಗೆ ತಾಗಿದ ಕ್ಷಣದಿಂದ ಸಮಯ ಎಣಿಸಬೇಕು. ಎಣಿಸುವವನು ನಾನು. ಮುಗಿಯಲು ಸ್ವಲ್ಪ ಮುಂಚೆ ಎಚ್ಚರಿಕೆಗೆ ಒಂದು ಸಣ್ಣ ಗಂಟೆ, ಕೊನೆಗೆ ಉದ್ದದ ಗಂಟೆ. ಗಡಿಯಾರ ಹಿಂದಿನ ಗೋಡೆಯಲ್ಲಿ, ಬಾಗಿಲ ಮೇಲೆ ಇತ್ತು. ಕೂತವರ ಬೆನ್ನು ಅದರ ಕಡೆಗೆ. ಮೊಬೈಲುಗಳನ್ನು ಆಫ್ ಮಾಡಿಸಿ ನಾನೇ ಒಂದು ಟ್ರೇಯಲ್ಲಿ ತೆಗೆದಿಟ್ಟುಕೊಳ್ಳುತ್ತಿದ್ದೆ. ಕೈಗಡಿಯಾರ ನೋಡಿಕೊಂಡರೂ ಸುಣ್ಣ ತಾಗಿದ್ದು ಯಾವಾಗ ಎಂದು ಯಾರೂ ನೆನಪಿಡುತ್ತಿರಲಿಲ್ಲ. ಹಾಗಾಗಿ ಆ ಕೋಣೆಯಲ್ಲಿ ಎಷ್ಟು ಸಮಯ ಉಳಿದಿದೆ ಎಂಬುದು ಇಬ್ಬರಿಗೆ ಮಾತ್ರ ತಿಳಿಯುತ್ತಿತ್ತು. ಬೋರ್ಡಿನ ಮುಂದೆ ನಿಂತವರಿಗೆ, ಮತ್ತು ಬಾಗಿಲಲ್ಲಿ ನಿಂತ ನನಗೆ.

ಶಾಂತಮ್ಮ, ನನ್ನ ಕೆಡುಕು ಶುರುವಾದದ್ದು ಅಲ್ಲಿಂದ. ಅಷ್ಟು ಜನ ಡಾಕ್ಟರೇಟಿನವರು ಕೂತ ಕಡೆ ಎಲ್ಲರ ಬಾಯಿ ಮುಚ್ಚಿಸುವವನು ನಾನೊಬ್ಬನೇ ಎಂಬುದು ತಲೆಗೇರಿತು. ನನ್ನ ಹೆಸರು ಹಿಡಿದು ಮಾತಾಡಿಸುವವರಿಗೆ ಗಂಟೆಯನ್ನು ಸ್ವಲ್ಪ ತಡ ಮಾಡುತ್ತಿದ್ದೆ. ಒಮ್ಮೆ ಹೊರಗಿನಿಂದ ಬಂದ ಒಬ್ಬ ದೊಡ್ಡ ಮನುಷ್ಯರು, “ಏನಯ್ಯಾ, ಇದು ಟೀನೋ, ಬಟ್ಟೆ ತೊಳೆದ ನೀರೋ?” ಎಂದು ಎಲ್ಲರೆದುರು ಕೇಳಿದರು. ಅವರಿಗೆ ಅವತ್ತು ಗಂಟೆ ಬೇಗ ಬಾರಿಸಿದೆ. ಮುಖ್ಯಸ್ಥರು ಪೆನ್ನಿಗೆ ಮುಚ್ಚಳ ಹಾಕಿದರೆ “ಸಾಕು ಮಾಡಿಸು” ಎಂದರ್ಥ ಎಂಬುದನ್ನೂ ಕಲಿತೆ. ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ನಾನೇ ನೋಡಿ ನೋಡಿ ತಿಳಿದುಕೊಂಡು, ತಿಳಿದುಕೊಂಡೆನೆಂದು ಬೀಗಿದೆ. ಬೋರ್ಡಿನ ಮೇಲೆ ಏನಿದೆಯೋ ನನಗೆ ಗೊತ್ತಾಗುತ್ತಿರಲಿಲ್ಲ. ಆದರೆ ಯಾರು ಸೋಲುತ್ತಿದ್ದಾರೆ ಎಂಬುದು ಮುಖ ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಎಷ್ಟು ತಪ್ಪು ತಿಳಿದಿದ್ದೆನೋ!

ನಾಗವೇಣಿ ನಮ್ಮ ವಿಭಾಗಕ್ಕೆ ಬಂದಾಗ ಪ್ರೊಜೆಕ್ಟರು ಆಗಲೇ ಬಂದಿತ್ತು. ಹುಡುಗರು ಮನೆಯಲ್ಲೇ ಎಲ್ಲ ಟೈಪು ಮಾಡಿಕೊಂಡು ಬಂದು ಒಂದೊಂದೇ ಪುಟ ಸರಿಸುತ್ತಿದ್ದರು. ಅವಳು ಮಾತ್ರ ಸೀಮೆಸುಣ್ಣ ಬಿಡಲಿಲ್ಲ. “ಬರೀತಾ ಇದ್ರೇನೇ ಮಾಮ ನಂಗೆ ತಲೆ ಓಡೋದು” ಎನ್ನುತ್ತಿದ್ದಳು. ಹೌದು, ಅವಳು ನನ್ನನ್ನು ಮಾಮ ಎಂದೇ ಕರೆಯುತ್ತಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಬೋರ್ಡಿನ ಮುಂದೆ ಇಂಗ್ಲಿಷು. ಶಿವಶಂಕರ ಮೇಷ್ಟ್ರು ಅವಳ ಮಾರ್ಗದರ್ಶಕರು. ಮಧ್ಯಾಹ್ನ ಬುತ್ತಿ ಉಣ್ಣಲು ನಾನು ಕೂರುತ್ತಿದ್ದ ಬೇವಿನ ನೆರಳಿಗೇ ಬರುತ್ತಿದ್ದಳು. ನಾನು ರೊಟ್ಟಿ ಕೊಟ್ಟರೆ ಅವಳು ಗೊಂಗೂರ ಚಟ್ನಿ ಕೊಡುತ್ತಿದ್ದಳು. ನನಗೆ ಹೆಣ್ಣುಮಕ್ಕಳಿಲ್ಲ. ತಂಗಿಯ ಮಗಳೊಬ್ಬಳು ಕಾಲೇಜಿಗೆ ಬಂದಂತೆ ಆಗಿತ್ತು.

ಒಂದು ದಿನ ನಾನೇ ಕೇಳಿದೆ. “ಅದೇನಮ್ಮ ನೀನು ವರ್ಷಗಟ್ಲೆ ಮಾಡ್ತಿರೋದು? ನನ್ನಂಥೋನಿಗೆ ತಿಳಿಯಂಗೆ ಹೇಳು ನೋಡಾಣ.”

ಅವಳು ಕಡ್ಡಿಯಿಂದ ಮಣ್ಣಿನಲ್ಲಿ ಚುಕ್ಕೆಗಳನ್ನಿಟ್ಟಳು. “ನಮ್ಮ ಅಂಚಿನ ಸೀರೆಗೆ ಒಂದೇ ಮಗ್ಗದಾಗೆ ಇಬ್ರು ಕೂರ್ಬೇಕು ಮಾಮ. ಒಬ್ರು ಒಡಲಿನ ಲಾಳಿ ಎಸೀತಾರೆ, ಇನ್ನೊಬ್ರು ಅಂಚಿಂದು. ಈ ಚುಕ್ಕೆ ಒಬ್ಬೊಬ್ಬ ನೇಕಾರ. ಗೆರೆ ಅಂದ್ರೆ ಇವರಿಬ್ರಿಗೆ ಹೊಂದ್ಕಂಡು ಕೂರಕ್ಕಾಗ್ತದೆ ಅಂತ. ಎಲ್ಲಾರ್ಗೂ ಜೋಡಿ ಸಿಗಂಗೆ ಹೆಂಗೆ ಕೂರಿಸ್ತೀರಾ?”

“ಹೊಂದ್ಕಂಡೋರ್ನ ಕೂರಿಸಿದ್ರಾಯ್ತು.”

“ಮೂರು ಜನ ಇದಾರೆ. ಮೂವರಿಗೂ ಮೂವರೂ ಆಗ್ತಾರೆ. ಆಗ?”

“ಒಬ್ಬ ಹೊರಗೆ.”

“ಅದೇ ತೊಂದ್ರೆ. ಬೆಸ ಸಂಖ್ಯೆ ಜನ ಸುತ್ತು ಹಾಕ್ಕಂಡು ನಿಂತ್ರೆ ಲೆಕ್ಕ ಅಲ್ಲೇ ಸಿಕ್ಕಾಗ್ತದೆ. ಹಿಂದಿನೋರು ಅದಕ್ಕೆ ದಾರಿ ಕಂಡಿದಾರೆ. ಆದ್ರೆ ಮಗ್ಗಕ್ಕೆ ಕೂತೋರು ಅರ್ಧಕ್ಕೇ ಎದ್ದು ಹೋಗ್ತಾ ಇದ್ರೆ? ಹೊಸಬ್ರು ಬರ್ತಾ ಇದ್ರೆ? ಪ್ರತಿಸಲ ಮೊದಲಿಂದ ಜೋಡಿ ಹಾಕ್ಬೇಕಾ? ಬ್ಯಾಡ ಅಂತ ನಾನು ತೋರಿಸ್ತಿರೋದು.”

ನನಗೆ ತಿಳಿದದ್ದು ಇಷ್ಟೇ. ಪಕ್ಕದ ಹಟ್ಟಿಯಲ್ಲಿ ಯಾರಾದರೂ ಕೇಳಿದರೆ ಇದನ್ನೇ ದೊಡ್ಡದಾಗಿ ಹೇಳಿ, “ನಮ್ಮ ಹುಡುಗಿ ಮಾಡ್ತಿರೋದು” ಎನ್ನುತ್ತಿದ್ದೆ.

ಅವಳ ಕೊನೆಯ ಸೆಮಿನಾರಿನ ದಿನ ಬಂತು. ಪ್ರಬಂಧ ಒಪ್ಪಿಸುವ ಮೊದಲು ಹೊರಗಿನ ಒಬ್ಬ ಪರೀಕ್ಷಕರ ಎದುರು ಎಲ್ಲವನ್ನೂ ಹೇಳಿ, ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಅವರು ಸರಿ ಎಂದರೆ ಡಾಕ್ಟರೇಟಿನ ದಾರಿ ತೆರೆಯುತ್ತದೆ. ಅವಳ ಅವಧಿ ಆಗಲೇ ಒಮ್ಮೆ ವಿಸ್ತರಣೆಯಾಗಿತ್ತು. ಇನ್ನೊಂದು ಅವಕಾಶ ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಬೆಳಿಗ್ಗೆ ನಾನು ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ಪರೀಕ್ಷಕರನ್ನು ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಕರೆತಂದೆ. ಅವರು ವೆರಾಂಡದಲ್ಲಿ ನಾಗವೇಣಿಯ ಜೊತೆ ಮಾತನಾಡುತ್ತಿದ್ದರು. ನಾನು ಟೀ ತೆಗೆದುಕೊಂಡು ಹೋಗಿ, ಅವಳಿಗೂ ಒಂದು ಲೋಟ ಕೊಟ್ಟು, “ಹೆದರ್ಬ್ಯಾಡಮ್ಮ, ಗಟ್ಟಿಯಾಗಿ ಮಾತಾಡು” ಎಂದೆ. ಪರೀಕ್ಷಕರು, “ಇವರು ನಿಮ್ಮ ಸಂಬಂಧಿಕರಾ?” ಎಂದು ಕೇಳಿದರು.

“ಅಲ್ಲ ಸರ್, ನಮ್ಮ ಡಿಪಾರ್ಟ್‌ಮೆಂಟಿನ ಅಟೆಂಡರು” ಎಂದಳು.

ನಿಜವನ್ನೇ ಹೇಳಿದಳು. ಅವಳ ಕಣ್ಣು ಕೈಯಲ್ಲಿದ್ದ ಕಾಗದದ ಮೇಲಿತ್ತು. ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ. ಅವಳ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೋ! ನನಗೆ ಅದೊಂದೂ ಕಾಣಲಿಲ್ಲ. ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದವನಿಗೆ ಕಿವಿ ಬಿಸಿಯಾಗಿತ್ತು. ನನ್ನ ರೊಟ್ಟಿ ತಿಂದವಳಿಗೆ ದೊಡ್ಡವರ ಮುಂದೆ ನಾನು ಬೇಡವಾದೆನಲ್ಲ ಎಂದು ಕುದಿಯುತ್ತಾ ನಿಂತೆ.

ಮಧ್ಯಾಹ್ನ ಅವಳ ಸುಣ್ಣ ಬೋರ್ಡಿಗೆ ತಾಗಿತು. ನಾನು ಗಡಿಯಾರ ನೋಡಿಕೊಂಡೆ. ಅವಳು ಚೆನ್ನಾಗಿಯೇ ಹೇಳಿದಳು. ಶಿವಶಂಕರ ಮೇಷ್ಟ್ರು ತಲೆಯಾಡಿಸುತ್ತಿದ್ದರು. ಕೊನೆಯ ಭಾಗದಲ್ಲಿ ಪರೀಕ್ಷಕರು ಕೈಯೆತ್ತಿ ಏನೋ ಕೇಳಿದರು. ಸುತ್ತಿನೊಳಗೆ ಇನ್ನೊಂದು ಸುತ್ತು, ಒಳಗಿನ ಸುತ್ತಿನಿಂದ ಒಬ್ಬ ಎದ್ದು ಹೋದರೆ ಗತಿಯೇನು ಎಂಬುದು ಪ್ರಶ್ನೆ ಎಂದು ಆಮೇಲೆ ತಿಳಿಯಿತು. ಅವಳು ಬೋರ್ಡಿನ ಕಡೆ ತಿರುಗಿದಳು. ಸುಮ್ಮನೆ ನಿಂತಳು.

ಬಹಳ ಹೊತ್ತು ನಿಂತಳು. ಯಾರೋ ಕುರ್ಚಿ ಸರಿಸಿದರು. ಮುಖ್ಯಸ್ಥರ ಪೆನ್ನು ತೆರೆದೇ ಇತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಅವರು ಪೆನ್ನಿಗೆ ಮುಚ್ಚಳ ಹಾಕಿರಲಿಲ್ಲ. ಗಡಿಯಾರದಲ್ಲಿ ಇನ್ನೂ ಸಮಯವಿತ್ತು. ಆಗ ಅವಳು ಸರಕ್ಕನೆ ತಿರುಗಿದಳು. ಸುಣ್ಣ ಹಿಡಿದ ಕೈ ಮೇಲೆದ್ದಿತ್ತು. ಮುಖದಲ್ಲಿ ಬೆಳಕು. “ಸರ್, ಅದನ್ನ...” ಎಂದಳು.

ನಾನು ಗಂಟೆ ಹೊಡೆದೆ. ಸಣ್ಣ ಎಚ್ಚರಿಕೆಯ ಗಂಟೆಯನ್ನಲ್ಲ, ಉದ್ದದ ಗಂಟೆಯನ್ನು.

ಎಲ್ಲರೂ ಅಭ್ಯಾಸದಂತೆ ಎದ್ದುಬಿಟ್ಟರು. ಅವಳ ಬಾಯಿ ತೆರೆದೇ ಇತ್ತು. ಅವಳು ಮೊದಲು ಬಾಗಿಲ ಮೇಲಿನ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು.

“ಒಂದ್ನಿಮಿಷ, ಅವಳೇನೋ ಹೇಳ್ತಿದ್ದಾಳೆ” ಎಂದು ಶಿವಶಂಕರ ಮೇಷ್ಟ್ರು ಕೂಗಿದರು.

“ಗಂಟೆ ಆಯ್ತಲ್ಲ ಮೇಷ್ಟ್ರೇ. ಇವತ್ತು ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ” ಎಂದರು ಮುಖ್ಯಸ್ಥರು.

ಮೇಷ್ಟ್ರು ನೇರವಾಗಿ ನನ್ನ ಬಳಿ ಬಂದರು. “ತಿಪ್ಪೇಸ್ವಾಮಿ, ನಿಜ ಹೇಳು. ಟೈಮ್ ಆಗಿತ್ತಾ?”

ಆ ಕ್ಷಣದಲ್ಲಿ ಎಲ್ಲವೂ ಸರಿಹೋಗಬಹುದಿತ್ತು. “ಇಲ್ಲ ಸರ್, ಕೈ ತಪ್ಪಿ ಹೊಡೆದೆ” ಎಂದಿದ್ದರೆ ಎರಡು ಬೈಗುಳ ತಿಂದು ಮುಗಿಯುತ್ತಿತ್ತು. ನಾಗವೇಣಿ ಬೋರ್ಡಿನ ಹತ್ತಿರವೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಆಗಿತ್ತು ಸರ್” ಎಂದೆ.

ಅವಳು ಸುಣ್ಣವನ್ನು ಅದರ ಜಾಗದಲ್ಲಿಟ್ಟು, ಕೈ ಒರೆಸಿಕೊಂಡಳು.

ಪರೀಕ್ಷಕರು ಟೀ ಕುಡಿದು ಬಸ್ಸಿಗೆ ಹೋದರು. ಪ್ರಶ್ನೆಗೆ ಉತ್ತರ ಬರಲಿಲ್ಲ, ಆ ಭಾಗವನ್ನು ಮತ್ತೆ ಮಾಡಿಕೊಂಡು ಬರಲಿ ಎಂದು ಅವರ ವರದಿ. ಅವರು ಕಂಡದ್ದನ್ನು ಬರೆದರು, ಅವರ ತಪ್ಪಿಲ್ಲ. ಮತ್ತೆ ಸೆಮಿನಾರು ಇಡಿಸಲು ಶಿವಶಂಕರ ಮೇಷ್ಟ್ರು ಓಡಾಡಿದರು. ಅಷ್ಟರಲ್ಲಿ ಅವಳ ವಿದ್ಯಾರ್ಥಿವೇತನ ನಿಂತಿತು, ಅಪ್ಪ ಕಣ್ಣು ಮಂಜಾಗಿ ಮಗ್ಗ ಬಿಟ್ಟ, ಅವಧಿ ಮುಗಿಯಿತು. ಅವಳು ಮೊಳಕಾಲ್ಮೂರಿಗೆ ಹೋದವಳು ಮರಳಲಿಲ್ಲ. ಬೇವಿನ ನೆರಳಲ್ಲಿ ನಾನು ಒಬ್ಬನೇ ಉಂಡೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಕೆಲವು ದಿನಗಳಲ್ಲೇ ನಾನು ಒಂದು ಕಥೆ ಕಟ್ಟಿದೆ. “ಪಾಪ, ಹುಡುಗಿ ಉತ್ತರ ಬಾರ್ದೆ ಕಲ್ಲಾಗಿ ನಿಂತಿತ್ತು. ಇನ್ನೊಂದು ಗಳಿಗೆ ಆಗಿದ್ರೆ ಅಳೋದು. ಗಂಟೆ ಹೊಡ್ದು ಮಾನ ಉಳಿಸ್ದೆ” ಎಂದು ಗುಮಾಸ್ತರಿಗೆ ಹೇಳಿದೆ. ಅವರು ಮುಖ್ಯಸ್ಥರಿಗೆ ಹೇಳಿದರು. ಮುಖ್ಯಸ್ಥರು ನನ್ನನ್ನು ಕರೆದು ಬೆನ್ನು ತಟ್ಟಿ, “ನಿನಗೆ ಸೂಕ್ಷ್ಮ ತಿಳಿಯುತ್ತೆ ಕಣಯ್ಯ” ಎಂದರು. ಹೇಳುತ್ತಾ ಹೇಳುತ್ತಾ ನಾನೂ ಅದನ್ನೇ ನಂಬಿದೆ. ಮನುಷ್ಯನಿಗೆ ತಾನು ಒಳ್ಳೆಯವನು ಎಂದು ನಂಬುವುದು ಎಷ್ಟು ಸುಲಭ!

ಶಿವಶಂಕರ ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ಒಮ್ಮೆ ಮಾತಿಗೆ ಬಂದು, “ಆ ಹುಡುಗಿ ಮರುದಿನವೇ ಫೋನಿನಲ್ಲಿ ಉತ್ತರ ಹೇಳಿದಳು. ಸರಿಯಾಗಿತ್ತು, ಆದರೆ ವರದಿ ಆಗಲೇ ಹೋಗಿತ್ತು. ಬೋರ್ಡಿನ ಮುಂದೆ ನಿಂತಾಗಲೇ ಹೊಳೆದಿತ್ತಂತೆ” ಎಂದರು. ನಾನು ಅವರ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದೆ. ತುಂಬುತ್ತಲೇ ಇದ್ದೆ.

ಆಮೇಲೆ ರೋಗದ ಕಾಲ ಬಂದು ಸೆಮಿನಾರುಗಳೆಲ್ಲ ಕಂಪ್ಯೂಟರಿಗೆ ಹೋದವು. ಖಾಲಿ ಕೋಣೆಯಲ್ಲಿ ನಾನು ಒಂದು ಲ್ಯಾಪ್‌ಟಾಪಿನ ಮುಂದೆ ಕೂತು ಬರುವವರನ್ನು ಒಳಗೆ ಬಿಡುತ್ತಿದ್ದೆ. ಪರದೆಯ ಮೇಲೆ ಮುಖಗಳು ಚುಕ್ಕೆಗಳಂತೆ. ಒಮ್ಮೆ ಹಳೆಯ ಅಭ್ಯಾಸದಿಂದ ಗಂಟೆ ಬಾರಿಸಿದೆ. ಯಾವ ಊರಿನಲ್ಲೋ ಕೂತ ಒಬ್ಬರು, “ಅದೇನದು, ಕುರಿ ಬಂತಾ?” ಎಂದರು. ಎಲ್ಲರೂ ನಗುತ್ತಿದ್ದುದು ಕಾಣುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಈಗ ಒಬ್ಬರ ಬಾಯಿ ಮುಚ್ಚಿಸಲು ಒಂದು ಬೆರಳು ಒತ್ತಿದರೆ ಸಾಕು ಶಾಂತಮ್ಮ. ಅವರಿಗೇ ಗೊತ್ತಾಗದೆ ಮಾತಾಡುತ್ತಲೇ ಇರುತ್ತಾರೆ. ಆ ಗುಂಡಿ ನಿನ್ನ ಕೈಯಲ್ಲಿರುತ್ತದೆ. ಅದಕ್ಕೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ನನ್ನ ಬೀಳ್ಕೊಡುಗೆಗೆ ಹಳೆಯ ಮುಖ್ಯಸ್ಥರನ್ನೂ ಕರೆದಿದ್ದರು. ಅವರು ಮೈಕು ಹಿಡಿದು, “ನಮ್ಮ ತಿಪ್ಪೇಸ್ವಾಮಿ ಬರೀ ಗಂಟೆ ಹೊಡೆಯುವವನಲ್ಲ. ಒಬ್ಬ ವಿದ್ಯಾರ್ಥಿನಿ ಉತ್ತರ ತೋಚದೆ ನಿಂತಾಗ, ಅವಳ ಮಾನ ಉಳಿಸಲು ತಾನಾಗಿ ಗಂಟೆ ಹೊಡೆದ ಹೃದಯವಂತ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಹೆಸರೂ ಅಲ್ಲಿ ಯಾರಿಗೂ ನೆನಪಿರಲಿಲ್ಲ. ನನಗೆ ಹಾರ ಹಾಕಿದರು. ಗಂಟೆಯನ್ನು ಒಂದು ಕೆಂಪು ಬಟ್ಟೆಯಲ್ಲಿ ಸುತ್ತಿ, ನಿನ್ನದೇ ಆಸ್ತಿ ಎಂದು ಕೊಟ್ಟರು. ಕುತ್ತಿಗೆಯಲ್ಲಿ ಸೇವಂತಿಗೆ ಹಾರ, ಕೈಯಲ್ಲಿ ಆ ಗಂಟೆ. ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ಬಂದು ಹೆಂಡತಿ ಓಬಮ್ಮನಿಗೆ ಮೊದಲ ಸಲ ಎಲ್ಲ ಹೇಳಿದೆ. ಅವಳು ಹಾರವನ್ನು ಬಿಚ್ಚಿ ಗೂಟಕ್ಕೆ ನೇತು ಹಾಕುತ್ತಿದ್ದವಳು ಅಲ್ಲೇ ನಿಂತಳು.

“ಒಂದು ಕುರಿ ತಪ್ಪಿಸ್ಕಂಡ್ರೆ ನಿಮ್ಮಪ್ಪ ಊಟ ಬಿಟ್ಟು ಹುಡುಕ್ಕಂಡು ಹೋಗ್ತಿದ್ದ. ನೀನು ಮನುಷ್ಯರ ಕೂಸನ್ನ ದಾರಿ ತಪ್ಪಿಸಿ ಹಾರ ಹಾಕ್ಕಂಡು ಬಂದೀಯ.”

“ಏನ್ಮಾಡ್ಲಿ ಈಗ?”

“ನನ್ನೇನ್ ಕೇಳ್ತೀಯಾ? ಮೊಳಕಾಲ್ಮೂರಿಗೆ ಬಸ್ಸಿಲ್ವಾ?”

ಬಸ್ಸಿತ್ತು. ಯಾವತ್ತೂ ಇತ್ತು. ಗಂಟೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಏಕೆ ಒಯ್ದೆನೋ ಸರಿಯಾಗಿ ಗೊತ್ತಿಲ್ಲ. ಅವಳ ಮುಂದೆ ಇಟ್ಟು ಕೈ ಮುಗಿಯೋಣ ಎಂದಿರಬೇಕು. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗೆಲ್ಲ ಅದು ಚೀಲದೊಳಗೆ ಸದ್ದು ಮಾಡಿತು. ಪಕ್ಕದಲ್ಲಿ ಕೂತವನು, “ಏನಜ್ಜ, ಕುರಿ ಕೊಳ್ಳಾಕೆ ಹೊಂಟೀರಾ?” ಎಂದು ಕೇಳಿದ. ಹೂಂ ಎಂದೆ.

ನೇಕಾರರ ಬೀದಿಯಲ್ಲಿ ಹೆಸರು ಹೇಳಿದರೆ ಲೆಕ್ಕದ ಟೀಚರ ಮನೆಯಾ ಎಂದು ತೋರಿಸಿದರು. ಬಾಗಿಲಲ್ಲಿ ನಿಂತಾಗ ಒಳಗಿನಿಂದ ಅವಳ ತಾಯಿ, “ಎವರಮ್ಮಾ ಅದಿ?” ಎಂದು ತೆಲುಗಿನಲ್ಲಿ ಯಾರೆಂದು ಕೇಳಿದರು. ನಾಗವೇಣಿ ಬಂದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ. ಒಂದು ಕ್ಷಣ ನೋಡಿದಳು.

“ಅವ್ವಾ, ಕಾಲೇಜಿನ ತಿಪ್ಪೇಸ್ವಾಮಿ ಮಾಮ ಬಂದಿದಾರೆ. ನೀಳ್ಳು ತೀಸುಕೊನಿ ರಾ” ಎಂದು ನೀರು ತರಲು ಕೂಗಿ ಹೇಳಿದಳು.

ಮಾಮ ಎಂದಳು. ಅದನ್ನು ಕೇಳಿ ನಾನು ಗುಂಡಿ ಮಗ್ಗದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಕುರ್ಚಿ ತರುತ್ತೇನೆಂದರೂ ಏಳಲಿಲ್ಲ. ಬೆಳಿಗ್ಗೆ ಕಾಲೇಜಿನಲ್ಲಿ ಪಾಠ, ಸಂಜೆ ಒಬ್ಬ ಚಿಕ್ಕಮ್ಮನ ಜೊತೆ ಮಗ್ಗ, ಹೀಗೆ ನಡೀತಾ ಐತೆ ಎಂದಳು. ನೀರು ಕುಡಿದು, ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು, ಬರಿದೇ ಹೇಳಿದೆ.

“ಅವತ್ತು ಟೈಮ್ ಆಗಿರ್ಲಿಲ್ಲ ಕಣಮ್ಮ.”

“ಗೊತ್ತು ಮಾಮ. ನಂಗೆ ಗಡಿಯಾರ ಕಾಣ್ತಿತ್ತಲ್ಲ.”

“ನಿನ್ನ ಮಾನ ಉಳ್ಸಾಕೆ ಹೊಡ್ದೆ ಅಂತ ಎಲ್ಲರ ಹತ್ರ ಹೇಳ್ಕಂಡು ತಿರುಗ್ದೆ. ಸುಳ್ಳು ಅದು. ಬೆಳಿಗ್ಗೆ ನೀನು ನನ್ನನ್ನ ಅಟೆಂಡರು ಅಂದೆ. ಆ ಸಿಟ್ಟಿಗೆ ಹೊಡ್ದೆ.”

ಅವಳಿಗೆ ಅರ್ಥವಾಗಲಿಲ್ಲ. “ಏನಂದೆ ನಾನು?”

ಮತ್ತೆ ಹೇಳಿದೆ. ಅವಳಿಗೆ ಆ ಮಾತು ನೆನಪೇ ಇರಲಿಲ್ಲ. ತಲೆ ಅಲ್ಲಾಡಿಸಿದಳು. ಅಷ್ಟು ವರ್ಷ ಅವಳು ಬೇರೆ ಏನೋ ಕಾರಣ ಹುಡುಕಿದ್ದಳೆಂದು ತೋರುತ್ತದೆ, ಮುಖ್ಯಸ್ಥರು ಹೇಳಿರಬೇಕು, ಯಾರಿಗೋ ತಾನು ಬೇಡವಾಗಿರಬೇಕು ಎಂದು. ಇಷ್ಟು ಸಣ್ಣ ಕಾರಣಕ್ಕೆ ತನ್ನ ಬದುಕು ತಿರುಗಿತು ಎಂದು ತಿಳಿದಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಗಂಟೆ ಹೊಡೆದಿದ್ದಕ್ಕಲ್ಲ ಮಾಮ” ಎಂದಳು ಕೊನೆಗೆ. “ಮೇಷ್ಟ್ರು ಬಂದು ಕೇಳಿದ್ರಲ್ಲ, ಆಗ ನೀವು ಹೇಳ್ತೀರಿ ಅಂದ್ಕಂಡೆ. ಅದಕ್ಕೇ ನಾನು ಬಾಯಿ ಬಿಡ್ಲಿಲ್ಲ. ನಾನು ಹೇಳಿದ್ರೆ ನಿಮ್ಮ ನೌಕರಿಗೆ ತೊಂದ್ರೆ ಆಗ್ತದೆ, ನೀವೇ ಹೇಳಿದ್ರೆ ಕೈ ತಪ್ತು ಅಂತ ಆಗ್ತದೆ ಅಂತ. ಕಾಯ್ಕಂಡು ನಿಂತಿದ್ದೆ.”

ನಾನು ಚೀಲದಿಂದ ಗಂಟೆ ತೆಗೆದು ಅವಳ ಮುಂದೆ ಇಟ್ಟೆ. ಕೈ ಮುಗಿದೆ.

“ಇದನ್ನ ಇಲ್ಲಿ ಬಿಟ್ಟು ಹೋಗ್ಬ್ಯಾಡಿ. ನಾನೇನ್ಮಾಡ್ಲಿ ಇದನ್ನ? ತಗಂಡೋಗಿ ಟಗರಿಗೆ ಕಟ್ಟಿ” ಎಂದಳು. ದನಿ ಗಡುಸಾಗಿತ್ತು. ಸ್ವಲ್ಪ ಹೊತ್ತು ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು. ಆಮೇಲೆ, “ನಾನು ಅವತ್ತು ಏನು ಹೇಳಕ್ಕೆ ಹೊಂಟಿದ್ದೆ ಅಂತ ಗೊತ್ತಾ ನಿಮಗೆ?” ಎಂದು ಕೇಳಿದಳು.

“ನನ್ಗೇನು ತಿಳೀತದಮ್ಮ?”

“ತಿಳೀದಿದ್ರೆ ಬ್ಯಾಡ. ಕೇಳ್ತೀರಾ?”

ಕೇಳುತ್ತೇನೆ ಎಂದೆ.

ಅವಳು ಎದ್ದು, ನೇಯ್ದು ಮುಗಿಸಿದ್ದ ಒಂದು ಸೀರೆಯನ್ನು ತಂದು ನನ್ನ ಎದುರು ಹರಡಿದಳು. ಸುತ್ತು ಬಂದ ಕಡೆ ಅದನ್ನು ಒಂದೇ ಚುಕ್ಕೆ ಎಂದುಕೊಂಡು ಮಡಿಸಿಬಿಡಬೇಕಂತೆ. ಅದರ ಮೇಲೆ ಇನ್ನೊಂದು ಸುತ್ತು ಬಂದರೆ ಮತ್ತೊಂದು ಮಡಿಕೆ. ಬಿಚ್ಚುವಾಗ ಕೊನೆಯ ಮಡಿಕೆ ಮೊದಲು. ಒಳಗಿನವನೊಬ್ಬ ಎದ್ದು ಹೋದರೆ ಎಲ್ಲ ಬಿಚ್ಚಬೇಕಾಗಿಲ್ಲ, ಅವನಿದ್ದ ಮಡಿಕೆಗಳನ್ನು ಮಾತ್ರ. ಹೇಳುತ್ತಾ ಹೇಳುತ್ತಾ ಅವಳು ಮಡಿಸಿದಳು, ಬಿಚ್ಚಿದಳು, ಒಂದು ಕಡೆ ನಿಂತು ಯೋಚಿಸಿದಳು. ಬಹಳ ಹೊತ್ತು ಸುಮ್ಮನೆ ನಿಂತಳು. ಆ ಮೌನವನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ. ಸೋತವಳ ಮೌನ ಎಂದುಕೊಂಡಿದ್ದೆ. ಈಗ ಹತ್ತಿರದಿಂದ ನೋಡಿದರೆ ಅವಳ ತುಟಿ ಸಣ್ಣಗೆ ಆಡುತ್ತಿತ್ತು, ಬೆರಳುಗಳು ಗಾಳಿಯಲ್ಲಿ ಏನನ್ನೋ ಜೋಡಿಸುತ್ತಿದ್ದವು. ಅವಳು ಕೆಲಸ ಮಾಡುತ್ತಿದ್ದಳು.

ಶಾಂತಮ್ಮ, ಸೆಮಿನಾರಿನಲ್ಲಿ ಯಾರಾದರೂ ಹಾಗೆ ನಿಂತರೆ ನೀನು ಉಸಿರೂ ಜೋರಾಗಿ ಬಿಡಬೇಡ.

ಅಪ್ಪ ಹೇಳುತ್ತಿದ್ದ, ಗಂಟೆ ಸದ್ದು ಕೇಳುತ್ತಿದ್ದರೆ ಮಂದೆ ನಡೆಯುತ್ತಿದೆ ಎಂದರ್ಥ ಎಂದು. ಮಂದೆಯನ್ನು ನಿಲ್ಲಿಸಲು ಅವನು ಎಂದೂ ಅದನ್ನು ಬಾರಿಸಿದವನಲ್ಲ. ಗಂಟೆ ಮತ್ತೆ ನನ್ನ ಮಡಿಲಲ್ಲಿತ್ತು. ಅವಳು ಸೀರೆಯ ಇನ್ನೊಂದು ತುದಿ ಹಿಡಿಯಲು ಕೇಳಿದಾಗ ನಾನು ಮುಂದೆ ಬಾಗಿದೆ. ಅದು ಎಲ್ಲಿ ಸದ್ದು ಮಾಡೀತೋ ಎಂದು ಒಳಗೆ ಬೆರಳು ಹಾಕಿ ಅದರ ನಾಲಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಸೀರೆಯ ಅಂಚು.

ತಾಯಿ ದೀಪ ಹಚ್ಚಿ ಹೋದರು. ನನ್ನ ಬಸ್ಸು ಹೊರಡುವ ಹಾರ್ನ್ ಬೀದಿಯ ಆಚೆಯಿಂದ ಕೇಳಿಸಿತು. ನಾಗವೇಣಿ ಇನ್ನೂ ಹೇಳುತ್ತಿದ್ದಳು. ನನಗೆ ಅರ್ಧವೂ ತಿಳಿಯಲಿಲ್ಲ. ಅವಳು ಮುಗಿಯಿತು ಎನ್ನುವವರೆಗೂ ನಾನು ಕೈ ಸಡಿಲಿಸಲಿಲ್ಲ.